ಟೆಕ್ ಸಮ್ಮೇಳನದ ಸುದ್ದಿ ಜಿಲ್ಲೆಯ ಪುಟಕ್ಕೂ ಬರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷದ ಕೊನೆಗೆ ಬೆಂಗಳೂರು ಟೆಕ್ ಸಮ್ಮಿಟ್ ನಡೆಯುವಾಗ ನಿಮ್ಮ ಪತ್ರಿಕೆ ಅದಕ್ಕೆ ಪುಟಗಟ್ಟಲೆ ಜಾಗ ಕೊಡುತ್ತದೆ. ಸಚಿವರ ಭಾಷಣ, ಹೂಡಿಕೆಯ ಲೆಕ್ಕ, ಮಳಿಗೆಗಳ ಫೋಟೊ ಎಲ್ಲ ಬರುತ್ತವೆ. ಬರಲಿ, ಅದೂ ಬೇಕಾದ ಸುದ್ದಿಯೇ. ಅದೇ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಟೆಕ್ ಸಮ್ಮೇಳನಗಳೂ ನಡೆಯುತ್ತವೆ. ಅವನ್ನು ಕಟ್ಟುವವರು ಹಗಲು ಎಲ್ಲೋ ನೌಕರಿ ಮಾಡಿ, ಸಂಜೆ ಮತ್ತು ಭಾನುವಾರ ಸಂಬಳವಿಲ್ಲದೆ ಇದಕ್ಕಾಗಿ ದುಡಿಯುವ ಜನ. ಕೆಲವರು ಇನ್ನೂ ಓದುತ್ತಿರುವ ಹುಡುಗ ಹುಡುಗಿಯರು. ಆ ಸಮ್ಮೇಳನಗಳ ಬಗ್ಗೆ ನಮ್ಮ ದಾವಣಗೆರೆ ಕಡೆಯ ಪುಟದಲ್ಲಿ ಒಂದು ಸಾಲನ್ನೂ ನಾನು ಕಂಡಿಲ್ಲ. ಈ ಪತ್ರ ಅದಕ್ಕಾಗಿ.

2025ರ ಸೆಪ್ಟೆಂಬರ್‌ನಲ್ಲಿ ಇಂಥ ಎರಡು ಸಮ್ಮೇಳನಗಳು ಒಂದೇ ವಾರದ ಅಂತರದಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ನಡೆದವು. ಮೊದಲನೆಯದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಳಸುವವರ ಪೈಕಾನ್ ಇಂಡಿಯಾ. ಎರಡನೆಯದು ಫಾಸ್ ಯುನೈಟೆಡ್ ಬಳಗದ ಇಂಡಿಯಾಫಾಸ್. ಫಾಸ್ ಅಂದರೆ ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಕಂಪ್ಯೂಟರ್ ನಡೆಸುವ ಲಿನಕ್ಸ್ ಅಂಥದ್ದು. ಈ ಸಮ್ಮೇಳನಗಳು ನಿನ್ನೆ ಮೊನ್ನೆ ಶುರುವಾದವೇನಲ್ಲ. 2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಎಂಬ ಹೆಸರಿನಲ್ಲಿ ಹುಟ್ಟಿದ ಸಮ್ಮೇಳನ ಆಮೇಲೆ ಫಾಸ್ ಡಾಟ್ ಇನ್ ಆಗಿ 2012ರ ತನಕ ನಡೆಯಿತು. ದೇಶದ ಮೊದಲ ಪೈಕಾನ್ ಇಂಡಿಯಾ 2009ರಲ್ಲಿ ನಡೆದದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ. ಇಷ್ಟು ವರ್ಷವಾದರೂ ನನ್ನ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇವುಗಳ ಹೆಸರೇ ಗೊತ್ತಿರುವುದಿಲ್ಲ. ಅವರ ಸಿಲಬಸ್‌ನಲ್ಲಿ ಪೈಥಾನ್ ಇದೆ. ಪರೀಕ್ಷೆಗೆ ಬೇಕಾದಷ್ಟು ಪೈಥಾನ್ ಕಲಿಯುತ್ತಾರೆ. ಆ ಭಾಷೆಯನ್ನು ನಿಜವಾಗಿ ಬೆಳೆಸುತ್ತಿರುವವರು ಆರು ಗಂಟೆಯ ಪ್ರಯಾಣದಷ್ಟು ದೂರದಲ್ಲಿ ಸೇರಿ ಮಾತಾಡುತ್ತಿದ್ದಾರೆ, ತಾವೂ ಹೋಗಿ ಕೂರಬಹುದು ಅಂತ ಅವರಿಗೆ ಹೇಳುವವರೇ ಇಲ್ಲ.

ನಾನು ಈ ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ರಜೆ ಹೊಂದಿಸಿಕೊಂಡು, ಸ್ವಂತ ಖರ್ಚಿನಲ್ಲಿ ಈ ಸಮ್ಮೇಳನಗಳಿಗೆ ಹೋಗುವುದು ಹಲವು ವರ್ಷಗಳ ರೂಢಿ. ಇನ್ನೊಂದು ಹವ್ಯಾಸವೂ ಇದೆ. ಹೊಸ ಅನಿಮೆ ನೋಡುವುದು. ಅನಿಮೆ ಅಂದರೆ ಜಪಾನಿನ ಅನಿಮೇಷನ್ ಸರಣಿಗಳು ಮತ್ತು ಸಿನಿಮಾಗಳು. ಎರಡನ್ನೂ ಒಂದೇ ಪತ್ರದಲ್ಲಿ ಬರೆಯಲು ಕಾರಣವಿದೆ. ನನ್ನ ವಿದ್ಯಾರ್ಥಿಗಳಲ್ಲಿ ಆ ಸಮ್ಮೇಳನದ ಬಾಗಿಲ ತನಕ ಬಂದವರು ಹೆಚ್ಚಾಗಿ ಅನಿಮೆಯ ದಾರಿಯಿಂದಲೇ ಬಂದರು.

ಹೊಸ ಅನಿಮೆ ನೋಡುವವರಿಗೆ ವರ್ಷಕ್ಕೆ ನಾಲ್ಕು ಹಂಗಾಮು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಪ್ರತಿ ಹಂಗಾಮಿನಲ್ಲಿ ಹತ್ತಾರು ಹೊಸ ಸರಣಿಗಳು ಶುರುವಾಗುತ್ತವೆ. ವಾರಕ್ಕೊಂದು ಕಂತು, ಹನ್ನೆರಡು ಹದಿಮೂರು ಕಂತಿಗೆ ಒಂದು ಹಂಗಾಮು ಮುಗಿಯುತ್ತದೆ. ಎಷ್ಟೋ ಸರಣಿಗಳು ಜಪಾನಿನಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಟೀವಿಗೆ ಬರುತ್ತವೆ. ಅಲ್ಲಿ ಬಂದ ಸ್ವಲ್ಪ ಹೊತ್ತಿಗೇ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಇಲ್ಲಿ ನಮ್ಮ ಮೊಬೈಲಿಗೂ ಬರುತ್ತವೆ. ಹೊಸ ಹಂಗಾಮಿನ ಮೊದಲ ವಾರ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ನೋಡುವುದೇ ಒಂದು ಖುಷಿ. ಎಲ್ಲ ಕಂತು ಬಂದ ಮೇಲೆ ಒಟ್ಟಿಗೆ ನೋಡುವವರೂ ಇದ್ದಾರೆ. ನನಗೆ ವಾರ ವಾರ ಕಾಯುವುದೇ ಇಷ್ಟ. ಮುಂದೇನು ಅಂತ ಆ ಏಳು ದಿನ ಯೋಚಿಸುವುದರಲ್ಲೇ ಅರ್ಧ ಕಥೆ ಇದೆ. ಜುಲೈ ಹಂಗಾಮಿನ ಸರಣಿಗಳು ಸೆಪ್ಟೆಂಬರ್ ಕೊನೆಗೆ ಮುಗಿಯುತ್ತವೆ. ಸಮ್ಮೇಳನಗಳೂ ಅದೇ ಹೊತ್ತಿಗೆ ಬರುತ್ತವೆ. ಹಾಗಾಗಿ ನಾನು ಎಷ್ಟೋ ಕೊನೆಯ ಕಂತುಗಳನ್ನು ಬೆಂಗಳೂರಿನ ರೈಲಿನಲ್ಲೇ ನೋಡಿದ್ದೇನೆ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು.

ನಮ್ಮ ಕಾಲೇಜಿನ ಹುಡುಗರು ಅನಿಮೆ ನೋಡುತ್ತಾರೆ ಅಂದರೆ ಮನೆಯಲ್ಲಿ ಬೈಗುಳ. ದೊಡ್ಡವರಾದ ಮೇಲೂ ಕಾರ್ಟೂನ್ ಏನು ಅಂತ. ಸ್ಟಾಫ್ ರೂಮಿನಲ್ಲೂ ಅದೇ ಮಾತು. ನಾನು ಅವರಿಗೆ ಹೇಳುವುದು ಇಷ್ಟೇ. ಮಗು ಏನು ನೋಡುತ್ತಿದೆ ಅಂತ ಒಮ್ಮೆ ಪಕ್ಕದಲ್ಲಿ ಕೂತು ನೀವೂ ನೋಡಿ. ಒಳ್ಳೆಯ ಅನಿಮೆಯಲ್ಲಿ ಮಳೆ ಬೀಳುವುದನ್ನು, ಅಡುಗೆ ಮನೆಯಲ್ಲಿ ಹಬೆ ಏಳುವುದನ್ನು ಯಾರೋ ಕೂತು ಚಿತ್ರದ ಮೇಲೆ ಚಿತ್ರ ಬರೆದಿರುತ್ತಾರೆ. ನಾನು ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯನ್ನೂ ಪೂರ್ತಿ ನೋಡುತ್ತೇನೆ. ಒಂದು ಕಂತಿಗೆ ಅಷ್ಟು ಜನರ ಕೈ ಬಿದ್ದಿರುತ್ತದೆ. ಇದನ್ನು ಹೇಗೆ ಮಾಡಿದರು ಅಂತ ಒಬ್ಬ ವಿದ್ಯಾರ್ಥಿ ಕೇಳಿದ ಅಂದರೆ, ಅವನಿಗೆ ಕಂಪ್ಯೂಟರ್ ಕಲಿಸುವ ಅರ್ಧ ಕೆಲಸ ಆಗಿಹೋಯಿತು ಅಂತ ಲೆಕ್ಕ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಾವು ಮತ್ತೆ ಮುಕ್ತ ತಂತ್ರಾಂಶಕ್ಕೇ ಬಂದು ನಿಲ್ಲುತ್ತೇವೆ. ಜಪಾನಿನ ಹೆಸರಾಂತ ಸ್ಟುಡಿಯೊ ಜಿಬ್ಲಿ ತನ್ನ ಚಿತ್ರಗಳಿಗೆ ಬಳಸುತ್ತಿದ್ದ ತಂತ್ರಾಂಶ ಟೂನ್ಜ್. ಜಪಾನಿನ ದ್ವಾಂಗೊ ಕಂಪನಿ 2016ರಲ್ಲಿ ಅದನ್ನು ಓಪನ್‌ಟೂನ್ಜ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು, ಜಿಬ್ಲಿಯವರು ತಮಗಾಗಿ ಸೇರಿಸಿಕೊಂಡಿದ್ದ ಸೌಲಭ್ಯಗಳ ಸಮೇತ. ಬರೀ ತಂತ್ರಾಂಶವಲ್ಲ, ಅದರ ಒಳಗಿನ ಕೋಡ್ ಕೂಡ. ಇವತ್ತು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಜಪಾನಿನ ಇನ್ನೊಂದು ಅನಿಮೆ ಸ್ಟುಡಿಯೊ ಖಾರಾ ಕೂಡ 2019ರಲ್ಲಿ ತನ್ನ ಮೂರು ಆಯಾಮದ ಕೆಲಸವನ್ನು ಬ್ಲೆಂಡರ್ ಎಂಬ ತಂತ್ರಾಂಶಕ್ಕೆ ಬದಲಾಯಿಸಿಕೊಳ್ಳುತ್ತಿರುವುದಾಗಿ ಹೇಳಿ, ಬ್ಲೆಂಡರ್ ಬೆಳೆಸುವ ನಿಧಿಗೆ ಹಣ ಕೊಡಲು ಶುರುಮಾಡಿತು. ಬ್ಲೆಂಡರ್ ಕೂಡ ಉಚಿತ, ಮುಕ್ತ. ಈ ಮಾತು ಹೇಳಿದಾಗ ನಮ್ಮ ಲ್ಯಾಬಿನಲ್ಲಿ ಒಂದು ಕ್ಷಣ ಯಾರೂ ನಂಬಲಿಲ್ಲ. ಲಕ್ಷಗಟ್ಟಲೆ ಕೊಟ್ಟು ಕೊಳ್ಳಬೇಕಾದ ಸಾಮಾನು ಅಂತ ಅವರು ತಿಳಿದಿದ್ದರು. ಆ ದಿನ ಓಪನ್‌ಟೂನ್ಜ್ ಹಾಕಿ, ಒಂದು ಚೆಂಡು ನೆಲಕ್ಕೆ ಬಿದ್ದು ಪುಟಿಯುವುದನ್ನು ಬರೆಯಲು ಕೂತವರು ಲ್ಯಾಬ್ ಬಾಗಿಲು ಹಾಕುವ ಹೊತ್ತಾದರೂ ಏಳಲಿಲ್ಲ.

ಸಬ್‌ಟೈಟಲ್ ಕಥೆ ಇನ್ನೂ ಹತ್ತಿರದ್ದು. ಅನಿಮೆ ನಮ್ಮ ದೇಶಕ್ಕೆ ಸರಿಯಾಗಿ ಬರುವ ಮುಂಚೆ ಜಗತ್ತಿನ ಎಲ್ಲೆಡೆ ಅಭಿಮಾನಿಗಳೇ ರಾತ್ರಿಯಿಡೀ ಕೂತು ಮಾತುಗಳನ್ನು ಬರೆದು, ಹೊತ್ತು ಗುರುತು ಹಾಕಿ, ಹಾಡಿನ ಸಾಲುಗಳಿಗೆ ಬಣ್ಣ ಕಟ್ಟಿ ಹಂಚುತ್ತಿದ್ದರು. ಅನುಮತಿ ಇಲ್ಲದೆ ಹಂಚುವುದು ಕಾನೂನಿಗೆ ಒಪ್ಪುವಂಥದ್ದಲ್ಲ. ಅದನ್ನು ನಾನು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಆ ಕೆಲಸಕ್ಕೆಂದು ಅವರು ಕಟ್ಟಿದ ಸಲಕರಣೆಗಳು ಇವತ್ತು ಎಲ್ಲರ ಆಸ್ತಿ. ಸಬ್‌ಟೈಟಲ್ ಮಾಡುವ ಏಜಿಸಬ್ ಎಂಬ ತಂತ್ರಾಂಶ ಆ ಬಳಗದಿಂದ ಬಂದದ್ದು. ವಿಡಿಯೊ ಮೇಲೆ ಅಕ್ಷರ ಮೂಡಿಸುವ ಲಿಬಾಸ್ ಎಂಬ ಕೋಡನ್ನು ಇವತ್ತು ವಿಎಲ್‌ಸಿ ಕೂಡ ಬಳಸುತ್ತದೆ. ವಿಎಲ್‌ಸಿ ಅಂದರೆ ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲೂ ಇರುವ ಆ ಕಿತ್ತಳೆ ಶಂಕುವಿನ ಗುರುತಿನ ಪ್ಲೇಯರ್. ಅದು ಪ್ಯಾರಿಸ್ ಬಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ 1996ರಲ್ಲಿ ಹುಟ್ಟಿದ್ದು. ಕಾಲೇಜು ಪ್ರಾಜೆಕ್ಟ್ ಅಂದರೆ ಹೊರಗಿನಿಂದ ದುಡ್ಡು ಕೊಟ್ಟು ತಂದು ಬೈಂಡ್ ಮಾಡಿಸುವುದು ಅಂತ ತಿಳಿದ ಮಕ್ಕಳಿಗೆ ಇದನ್ನು ಹೇಳಬೇಕು, ಅಲ್ವಾ?

ನಮ್ಮ ಮಕ್ಕಳು ಕನ್ನಡ ಸಬ್‌ಟೈಟಲ್ ಮಾಡಲು ಹೊರಟರು. ಅನಿಮೆಗೆ ಮಾಡಲು ಅನುಮತಿ ಬೇಕು. ಹಾಗಾಗಿ ಬ್ಲೆಂಡರ್ ಫೌಂಡೇಶನ್‌ನವರು 2010ರಲ್ಲಿ ತೆಗೆದ ‘ಸಿಂಟೆಲ್’ ಎಂಬ ಕಿರುಚಿತ್ರ ಆರಿಸಿಕೊಂಡೆವು. ಹೆಚ್ಚುಕಡಿಮೆ ಹದಿನೈದು ನಿಮಿಷದ್ದು. ಯಾರು ಬೇಕಾದರೂ ತಮ್ಮ ಭಾಷೆಗೆ ತಂದು ಹಂಚಲು ಅದರ ಪರವಾನಗಿಯಲ್ಲೇ ಒಪ್ಪಿಗೆ ಇದೆ. ಮಾತು ಕಡಿಮೆ, ಭಾವ ಜಾಸ್ತಿ. ಬರೆಯುವುದು ಬೇಗ ಮುಗಿಯಿತು. ವಿಡಿಯೊದಲ್ಲಿ ಅಚ್ಚು ಹಾಕಿ ನೋಡಿದರೆ ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕಕ್ಕೆ ನಿಂತಿದ್ದವು. ಬರೆದದ್ದು ‘ಅಕ್ಕ’, ಕಂಡದ್ದು ‘ಅಕ್‌ಕ’. ಫಾಂಟ್ ಬದಲಾಯಿಸಿದರೂ ಅಷ್ಟೇ. ಮಕ್ಕಳು ಕನ್ನಡವೇ ಈ ಕೆಲಸಕ್ಕೆ ಆಗಿಬರುವುದಿಲ್ಲವೇನೋ ಅಂತ ಬೇಜಾರು ಮಾಡಿಕೊಂಡರು.

ಉತ್ತರ ಸಿಕ್ಕಿದ್ದು ಬೆಂಗಳೂರಿನ ಸಮ್ಮೇಳನದಲ್ಲಿ, ಅದೂ ಭಾಷಣದ ಹಾಲಿನ ಹೊರಗೆ, ಕಾಫಿ ಕುಡಿಯುವ ಜಾಗದಲ್ಲಿ. ನಮ್ಮ ಕಾಲೇಜಿನ ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪ್ ತೆಗೆದು ಅಪರಿಚಿತರೊಬ್ಬರಿಗೆ ತೋರಿಸಿದಳು. ಅವರು ನಿಂತಲ್ಲೇ ನೋಡಿದರು, ಆಮೇಲೆ ಕುರ್ಚಿ ಎಳೆದು ಕೂತರು. ನಾವು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಲಕರಣೆಯ ಹಳೆಯ ಆವೃತ್ತಿ ಬಳಸುತ್ತಿದ್ದೆವು. ಅದರಲ್ಲಿ ಅಕ್ಷರ ಬರೆಯಲು ಡ್ರಾಟೆಕ್ಸ್ಟ್ ಎಂಬ ದಾರಿ ಹಿಡಿದಿದ್ದೆವು. ಆ ದಾರಿಗೆ ಆಗಿನ್ನೂ ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನ ನೆರವು ಸಿಕ್ಕಿರಲಿಲ್ಲ. ಕನ್ನಡದಲ್ಲಿ ಯಾವ ಅಕ್ಷರ ಎಲ್ಲಿ ಕೂರಬೇಕು, ಯಾವ ಒತ್ತು ಕೆಳಗೆ ಇಳಿಯಬೇಕು ಅಂತ ಲೆಕ್ಕ ಹಾಕುವುದು ಹಾರ್ಫ್‌ಬಜ್. ನಮ್ಮ ಆಂಡ್ರಾಯ್ಡ್ ಫೋನ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಕನ್ನಡ ಸರಿಯಾಗಿ ಕಾಣುತ್ತಿದ್ದರೆ ಅದರ ಹಿಂದೆ ಈ ಕೋಡ್ ಇದೆ. ಅದೇ ಎಫ್‌ಎಫ್‌ಎಂಪೆಗ್‌ನಲ್ಲಿ ಲಿಬಾಸ್ ಮೂಲಕ ಬರೆಯುವ ಇನ್ನೊಂದು ದಾರಿಯಿತ್ತು. ಲಿಬಾಸ್ ಹಾರ್ಫ್‌ಬಜ್‌ನ ನೆರವು ಪಡೆಯುತ್ತದೆ. ಒಂದು ಸಾಲು ಬದಲಾಯಿಸಿದ ಕೂಡಲೇ ಒತ್ತಕ್ಷರಗಳೆಲ್ಲ ತಮ್ಮ ಜಾಗಕ್ಕೆ ಬಂದವು. ಎರಡು ಸಾಲಿನ ಮಾತು ಬಂದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತಿತ್ತು. ಅದಕ್ಕೆ ಸಾಲುಗಳ ನಡುವಿನ ಅಂತರ ಹೆಚ್ಚಿಸಬೇಕು ಅಂತಲೂ ಅವರೇ ತೋರಿಸಿಕೊಟ್ಟರು. ಅನಿಮೆ ಅಭಿಮಾನಿಗಳು ಹಾಡಿನ ಸಾಲು ಚೆಂದ ಕಾಣಲಿ ಅಂತ ಪಟ್ಟ ಶ್ರಮ, ಬೇರೆ ಯಾರೋ ಪರ್ಷಿಯನ್, ಅರಬ್ಬಿ, ದೇವನಾಗರಿ, ಕನ್ನಡ ಲಿಪಿಗಳಿಗಾಗಿ ಪಟ್ಟ ಶ್ರಮ ಎರಡೂ ಸೇರಿ ದಾವಣಗೆರೆಯ ಹುಡುಗಿಯ ಕೆಲಸ ಮುಗಿಯಿತು. ಸಹಾಯ ಮಾಡಿದವರು ಹೆಸರನ್ನೂ ಹೇಳದೆ ಮುಂದಿನ ಭಾಷಣಕ್ಕೆ ಎದ್ದು ಹೋದರು.

ಇಂಥ ಸಮ್ಮೇಳನಗಳ ಜೀವ ಇರುವುದೇ ಈ ವರಾಂಡದಲ್ಲಿ. ಆದರೂ ಒಳಗೆ ಏನು ನಡೆಯುತ್ತದೆ ಅಂತ ನಿಮ್ಮ ಓದುಗರಿಗೆ ಸ್ವಲ್ಪ ಹೇಳಬೇಕು. ಕೆಲವು ತಿಂಗಳು ಮುಂಚೆ, ಮಾತಾಡಲು ಬಯಸುವವರು ವಿಷಯ ಕಳಿಸಿ ಅಂತ ಕರೆ ಕೊಡುತ್ತಾರೆ. ಯಾರು ಬೇಕಾದರೂ ಕಳಿಸಬಹುದು. ಡಿಗ್ರಿ, ಹುದ್ದೆ ಯಾವುದೂ ಅಡ್ಡಿಯಲ್ಲ. ಸ್ವಯಂಸೇವಕರು ಓದಿ ಆರಿಸುತ್ತಾರೆ. ಇವಲ್ಲದೆ ಐದು ನಿಮಿಷದ ಮಿಂಚು ಮಾತುಗಳಿರುತ್ತವೆ. ಅವಕ್ಕೆ ಆ ದಿನವೇ ಹೆಸರು ಕೊಟ್ಟರೂ ಆಗುತ್ತದೆ. ಒಂದೇ ವಿಷಯದಲ್ಲಿ ಆಸಕ್ತಿ ಇರುವವರು ಒಂದು ಕೋಣೆಯಲ್ಲಿ ಸುತ್ತ ಕೂತು ಮಾತಾಡುವ ಗುಂಪುಗಳಿರುತ್ತವೆ. ಪೈಕಾನ್‌ನಲ್ಲಿ ಕೊನೆಯ ದಿನ ಸ್ಪ್ರಿಂಟ್ ಅಂತ ಇಟ್ಟಿರುತ್ತಾರೆ. ಆ ದಿನ ಭಾಷಣವಿಲ್ಲ. ತಂತ್ರಾಂಶ ಬರೆಯುವವರ ಪಕ್ಕದಲ್ಲೇ ಕೂತು ಹೊಸಬರೂ ಒಂದು ಚಿಕ್ಕ ತಪ್ಪನ್ನು ಸರಿಪಡಿಸಬಹುದು. ಟಿಕೆಟ್ ಇರುತ್ತದೆ, ಆದರೆ ವಿದ್ಯಾರ್ಥಿಗಳಿಗೆ ರಿಯಾಯಿತಿ, ಕೈಯಲ್ಲಿ ದುಡ್ಡಿಲ್ಲದವರಿಗೆ ನೆರವಿನ ನಿಧಿ ಇರುತ್ತವೆ. ಸ್ವಯಂಸೇವಕರಾಗಿ ಹೋದರೆ ಕೆಲಸ ಮಾಡುತ್ತಲೇ ಎಲ್ಲರ ಪರಿಚಯವಾಗುತ್ತದೆ. ನೋಂದಣಿ ಮೇಜು, ಮೈಕ್ ಹಿಡಿದು ಓಡಾಡುವುದು, ಭಾಷಣಕಾರರಿಗೆ ಹೊತ್ತು ತೋರಿಸುವ ಹಲಗೆ ಎತ್ತುವುದು, ಹೀಗೆ ಎಲ್ಲ ಕೆಲಸಕ್ಕೂ ಕೈ ಬೇಕು. ಭಾಷಣಗಳ ವಿಡಿಯೊ ಆಮೇಲೆ ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನನ್ನ ಎಷ್ಟೋ ಕ್ಲಾಸುಗಳು ಆ ವಿಡಿಯೊಗಳ ಮೇಲೆಯೇ ನಿಂತಿವೆ.

2025ರ ಪೈಕಾನ್ ಶುರುವಾದದ್ದು ಸೆಪ್ಟೆಂಬರ್ 12ರ ಶುಕ್ರವಾರ. ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಎಂಬ ಅನಿಮೆ ಸಿನಿಮಾ ಭಾರತದಲ್ಲಿ ತೆರೆಗೆ ಬಂದದ್ದೂ ಅದೇ ದಿನ. ಊಟದ ಸಾಲಿನಲ್ಲಿ ಅರ್ಧ ಮಾತು ಪೈಥಾನ್ ಬಗ್ಗೆ, ಇನ್ನರ್ಧ ಆ ಸಿನಿಮಾ ಬಗ್ಗೆ. ಲ್ಯಾಪ್‌ಟಾಪ್‌ಗಳ ಬೆನ್ನ ಮೇಲೆ ಲಿನಕ್ಸ್ ಪೆಂಗ್ವಿನ್ ಪಕ್ಕದಲ್ಲೇ ಅನಿಮೆ ಪಾತ್ರಗಳ ಸ್ಟಿಕರ್. ಗುರುತು ಪರಿಚಯ ಇಲ್ಲದವರ ಹತ್ತಿರ ಮಾತು ಶುರುಮಾಡಲು ಸಣ್ಣ ಊರಿನ ಮಕ್ಕಳಿಗೆ ಸಂಕೋಚ. ಇಂಗ್ಲಿಷ್ ಸರಿ ಬರುವುದಿಲ್ಲ, ನಮ್ಮ ಕಾಲೇಜಿನ ಹೆಸರು ಯಾರೂ ಕೇಳಿಲ್ಲ ಅಂತ ಹಿಂಜರಿಕೆ. ಆ ಸ್ಟಿಕರ್ ನೋಡಿ ‘ನೀವೂ ಇದನ್ನ ನೋಡ್ತೀರಾ?’ ಅಂತ ಕೇಳಿದರೆ ಮಾತು ಹರಿಯಲು ಶುರು. ಕಲಬುರಗಿಯಿಂದ ಬಂದ ಇಬ್ಬರು ಹುಡುಗರು ಮತ್ತು ನಮ್ಮ ಹುಡುಗಿಯರು ಹೀಗೇ ಸ್ನೇಹಿತರಾದರು. ಈಗ ಅವರೆಲ್ಲ ಸೇರಿ ಸಬ್‌ಟೈಟಲ್ ತಿದ್ದುತ್ತಾರೆ.

ಆ ಸಿನಿಮಾ ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ. ಜಪಾನ್ ಮತ್ತು ಭಾರತದವರು ಸೇರಿ 1990ರ ದಶಕದಲ್ಲಿ ಮಾಡಿದ ರಾಮಾಯಣದ ಅನಿಮೆ ಚಿತ್ರ 2025ರ ಜನವರಿಯಲ್ಲಿ ಮತ್ತೆ ತೆರೆಗೆ ಬಂದಾಗಲೂ ಇದೇ ಕಥೆ. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್. ಕುಮಾರವ್ಯಾಸನ ಭಾರತ, ತೊರವೆ ರಾಮಾಯಣ ಓದಿಕೊಂಡು ಬಂದ ನಾಡಿನ ಮಕ್ಕಳು ರಾಮಾಯಣವನ್ನು ಇನ್ನೊಂದು ಭಾಷೆಯಲ್ಲಿ ನೋಡಬೇಕಾಯಿತು. ನನಗೆ ಇದು ನಿಜವಾಗಿ ನೋವು ಕೊಟ್ಟ ಸಂಗತಿ. ಡಬ್ಬಿಂಗ್ ಬೇಕೋ ಬೇಡವೋ ಎಂಬ ಹಳೆಯ ಜಗಳಕ್ಕೆ ನಾನು ಹೋಗುವುದಿಲ್ಲ. ಸಬ್‌ಟೈಟಲ್ ಕೊಟ್ಟರೆ ಯಾವ ಕಲಾವಿದರ ಕೆಲಸವೂ ಹೋಗುವುದಿಲ್ಲ, ಮಕ್ಕಳು ಕನ್ನಡ ಓದುವುದೂ ಹೆಚ್ಚಾಗುತ್ತದೆ. ಪಕ್ಕದ ಕೇರಳದಲ್ಲಿ ಎಂಸೋನ್ ಎಂಬ ಸ್ವಯಂಸೇವಕರ ಬಳಗ ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಜಗತ್ತಿನ ಸಿನಿಮಾಗಳಿಗೆ ಮಲಯಾಳಂ ಸಬ್‌ಟೈಟಲ್ ಬರೆಯುತ್ತಿದೆ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ಅದಕ್ಕೂ ಮುಂಚಿನಿಂದ ಫಾಂಟು, ಕೀಲಿಮಣೆ ಅಂತ ದುಡಿದಿದೆ. ಡೆಬಿಯನ್ ಎಂಬ ಒಂದು ಬಗೆಯ ಲಿನಕ್ಸ್ ಕಟ್ಟುವ ಬಳಗದ ಜಾಗತಿಕ ಸಮ್ಮೇಳನ ಡೆಬ್‌ಕಾನ್ ಭಾರತಕ್ಕೆ ಮೊದಲ ಸಲ ಬಂದದ್ದು 2023ರಲ್ಲಿ. ಅದು ನಡೆದ ಊರು ಕೊಚ್ಚಿ.

ಕೇಳಿದರೆ ಸಿಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ‘ವೆದರಿಂಗ್ ವಿತ್ ಯು’ ಎಂಬ ಅನಿಮೆ ಚಿತ್ರ 2019ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದದ್ದು ಇಲ್ಲಿನ ಅಭಿಮಾನಿಗಳು ಸಹಿ ಸಂಗ್ರಹಿಸಿ ಕೇಳಿಕೊಂಡ ಮೇಲೆ. ಸಾವಿರ ಸಾವಿರ ಜನ ಸಹಿ ಹಾಕಿದರು. ಅದರ ನಿರ್ದೇಶಕರು ದೆಹಲಿಗೂ ಬಂದು ಹೋದರು. ಕನ್ನಡ ಸಬ್‌ಟೈಟಲ್ ಬೇಕು ಅಂತ ನಾವೂ ಕೇಳಬಹುದು. ಮಾಡಿಕೊಡಲು ಕೈಗಳು ಇವೆ ಅಂತ ತೋರಿಸಲೂಬಹುದು.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ.

ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಪ್ರವೇಶ ಪರೀಕ್ಷೆ, ವಿದ್ಯಾರ್ಥಿವೇತನಗಳ ದಿನಾಂಕ ಹಾಕುತ್ತೀರಿ. ಅದರ ಪಕ್ಕದಲ್ಲೇ ಒಂದು ಚಿಕ್ಕ ಚೌಕ ಕೊಡಿ. ಯಾವ ಸಮ್ಮೇಳನ, ಎಲ್ಲಿ, ವಿಷಯ ಕಳಿಸಲು ಕೊನೆಯ ದಿನ ಯಾವುದು, ನೆರವಿನ ನಿಧಿಗೆ ಅರ್ಜಿ ಯಾವಾಗ, ಸ್ವಯಂಸೇವಕರಾಗಲು ಯಾರನ್ನು ಕೇಳಬೇಕು. ಇಷ್ಟು ಸಾಕು. ಇದೆಲ್ಲ ಇಂಟರ್ನೆಟ್‌ನಲ್ಲಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಆದರೆ ಹೆಸರು ಗೊತ್ತಿಲ್ಲದವರು ಏನೆಂದು ಹುಡುಕುತ್ತಾರೆ? 1990ರ ದಶಕದಲ್ಲಿ ಪಿಸಿಕ್ವೆಸ್ಟ್ ಎಂಬ ಮ್ಯಾಗಜಿನ್ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಟ್ಟಿತು. ಇಂಟರ್ನೆಟ್ ಇಲ್ಲದ ಊರುಗಳಲ್ಲಿ ಎಷ್ಟೋ ಜನ ಲಿನಕ್ಸ್ ನೋಡಿದ್ದೇ ಆ ಸಿಡಿಯಿಂದ. ಆ ಕೆಲಸದ ಹಿಂದಿದ್ದ ಅತುಲ್ ಚಿಟ್ನಿಸ್ ಅವರೇ ಮುಂದೆ ಬೆಂಗಳೂರಿನ ಆ ಮೊದಲ ಲಿನಕ್ಸ್ ಸಮ್ಮೇಳನ ಕಟ್ಟಿದವರಲ್ಲಿ ಒಬ್ಬರು. ಅಚ್ಚಿನ ಪುಟಕ್ಕೆ ಆ ಶಕ್ತಿ ಇವತ್ತೂ ಇದೆ. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಬೆಳಿಗ್ಗೆ ನಿಮ್ಮ ಪತ್ರಿಕೆಗೆ ಸರದಿ ಇರುತ್ತದೆ. ಅದರಲ್ಲಿ ಬಂದದ್ದನ್ನು ಪ್ರಿನ್ಸಿಪಾಲರೂ ನಂಬುತ್ತಾರೆ, ಅಪ್ಪ ಅಮ್ಮನೂ ನಂಬುತ್ತಾರೆ. ಮಗಳು ಒಬ್ಬಳೇ ಬೆಂಗಳೂರಿಗೆ ಹೋಗಿ ಎರಡು ದಿನ ಇರುತ್ತೇನೆ ಅಂದಾಗ, ‘ಪೇಪರ್‌ನಲ್ಲಿ ಬಂದಿದೆ ನೋಡಪ್ಪ’ ಅಂತ ತೋರಿಸಲು ಒಂದು ಕತ್ತರಿಸಿದ ತುಂಡು ಬೇಕು.

ಕಾಲೇಜಿನ ಮುಖ್ಯಸ್ಥರಿಗೂ ಒಂದು ಮಾತು. ಒಂದು ಕಾಲೇಜಿನ ಹುಡುಗ ಸಮ್ಮೇಳನದಲ್ಲಿ ಮಾತಾಡಲು ಆಯ್ಕೆಯಾಗಿ ಹೋಗಿ ಬಂದ. ಹಾಜರಾತಿ ಕೊಡಲಿಲ್ಲ. ಕ್ರಿಕೆಟ್ ಟೂರ್ನಿಗೆ ಹೋದವರಿಗೆ ಕೊಡುತ್ತಾರೆ. ಕೊಡಲಿ, ಆಟವೂ ಬೇಕು. ನೂರಾರು ಜನರ ಮುಂದೆ ನಿಂತು ತಾನು ಮಾಡಿದ ಕೆಲಸ ವಿವರಿಸಿ, ಬಂದ ಪ್ರಶ್ನೆಗೆ ಉತ್ತರ ಕೊಟ್ಟು ಬಂದ ಹುಡುಗನಿಗೆ ಯಾಕಿಲ್ಲ? ಅಲ್ಲಿ ಸಿಗುವ ಧೈರ್ಯ ಕ್ಯಾಂಪಸ್ ಸಂದರ್ಶನಕ್ಕೆ ಮುಂಚೆ ಕೊಡಿಸುವ ಎರಡು ವಾರದ ತರಬೇತಿಯಲ್ಲಿ ಸಿಗುವುದಿಲ್ಲ. ಕರೆದುಕೊಂಡು ಹೋಗುವ ಶಿಕ್ಷಕರಿಗೂ ಓಓಡಿ, ಅಂದರೆ ಹೊರಗಿನ ಆ ಕೆಲಸವನ್ನೂ ಡ್ಯೂಟಿ ಎಂದೇ ಲೆಕ್ಕ ಹಿಡಿಯುವ ಅನುಮತಿ, ಕೊಡುವಂತಾದರೆ ಇನ್ನಷ್ಟು ಜನ ಮುಂದೆ ಬರುತ್ತಾರೆ.

ಸಮ್ಮೇಳನ ನಡೆಸುವ ಗೆಳೆಯರು ಈ ಪತ್ರ ಓದಿದರೆ, ಅವರಿಗೂ ಒಂದು ಕೋರಿಕೆ. ನೀವು ಪಡುವ ಪಾಡು ನಾನು ಹತ್ತಿರದಿಂದ ನೋಡಿದ್ದೇನೆ. ಪ್ರಾಯೋಜಕರಿಗೆ ಫೋನು, ಊಟದ ಲೆಕ್ಕ, ಕೊನೆಯ ಗಳಿಗೆಯಲ್ಲಿ ಕೈಕೊಡುವ ಪ್ರೊಜೆಕ್ಟರ್. ಅಷ್ಟೆಲ್ಲದರ ನಡುವೆ ಒಂದು ಚಿಕ್ಕ ಕೋಣೆಯನ್ನು ಕನ್ನಡಕ್ಕೆ ಬಿಟ್ಟುಕೊಡಿ. ಪೂರ್ತಿ ದಿನ ಬೇಡ, ಒಂದು ಮಧ್ಯಾಹ್ನ ಸಾಕು. ನಮ್ಮ ಹುಡುಗಿ ಮಿಂಚು ಮಾತಿನಲ್ಲಿ ಒತ್ತಕ್ಷರದ ಕಥೆ ಹೇಳಿದಾಗ ಮೊದಲ ಎರಡು ನಿಮಿಷ ಇಂಗ್ಲಿಷ್‌ನಲ್ಲಿ ತಡವರಿಸಿದಳು. ಮುಂದಿನ ಸಾಲಿನಿಂದ ಯಾರೋ ‘ಕನ್ನಡದಲ್ಲೇ ಹೇಳಮ್ಮ’ ಅಂದರು. ಉಳಿದ ಮೂರು ನಿಮಿಷ ಅವಳನ್ನು ಹಿಡಿಯುವವರೇ ಇರಲಿಲ್ಲ. ಕನ್ನಡ ಬಾರದವರಿಗೂ ಪರದೆ ಮೇಲಿನ ಮುರಿದ ಅಕ್ಷರ, ಸರಿಯಾದ ಅಕ್ಷರ ನೋಡಿ ವಿಷಯ ತಿಳಿಯಿತು. ಮಾತು ಮುಗಿದ ಮೇಲೆ ಬಂದು ಕೇಳಿದವರಲ್ಲಿ ತೆಲುಗಿನವರೂ ಇದ್ದರು. ಅವರಿಗೂ ಅದೇ ತೊಂದರೆ ಇತ್ತಂತೆ.

ಇಂಥ ಸಮ್ಮೇಳನ ಬೆಂಗಳೂರಿನಲ್ಲೇ ಆಗಬೇಕು ಅಂತಲೂ ಇಲ್ಲ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಫಾಸ್‌ಡೆಮ್ ಎಂಬ ಸಮ್ಮೇಳನ ಪ್ರತಿ ಚಳಿಗಾಲ ನಡೆಯುತ್ತದೆ. ಸಾವಿರಾರು ಜನ ಸೇರುತ್ತಾರೆ. ಟಿಕೆಟ್ ಇಲ್ಲ, ನೋಂದಣಿಯೂ ಇಲ್ಲ, ಸುಮ್ನೆ ಹೋಗಿ ಕೂರಬಹುದು. ಅದು ನಡೆಯುವುದು ಒಂದು ವಿಶ್ವವಿದ್ಯಾಲಯದ ಕ್ಲಾಸ್‌ರೂಮುಗಳಲ್ಲಿ, ಶನಿವಾರ ಮತ್ತು ಭಾನುವಾರ. ಶನಿವಾರ ಮಧ್ಯಾಹ್ನದ ಮೇಲೆ ನಮ್ಮ ಜಿಲ್ಲೆಯ ಕಾಲೇಜುಗಳಲ್ಲೂ ಕೋಣೆಗಳು ಖಾಲಿ ಇರುತ್ತವೆ. ಬೆಂಚು, ಪ್ರೊಜೆಕ್ಟರ್, ಕರೆಂಟು ಎಲ್ಲ ಇದೆ. ಊಟಕ್ಕೆ ಬೆಣ್ಣೆದೋಸೆಯ ಊರು ನಮ್ಮದು. ಬೀಗದ ಕೈ ಕೊಡುವವರು ಬೇಕು, ಅಷ್ಟೇ. ನಮ್ಮ ಕಾಲೇಜಿನಲ್ಲಿ ಅರ್ಧ ದಿನದ ಒಂದು ಸಭೆ ಮಾಡಲು ನಾವು ಕೆಲವರು ಈಗಾಗಲೇ ಕೂತು ಮಾತಾಡಿದ್ದೇವೆ. ಬೆಳಿಗ್ಗೆ ಪೈಥಾನ್ ಮತ್ತು ಕನ್ನಡ ಲಿಪಿಯ ಬಗ್ಗೆ ಮಾತು. ಊಟದ ಮೇಲೆ ಓಪನ್‌ಟೂನ್ಜ್‌ನಲ್ಲಿ ಕೈಕೆಲಸ. ಕೊನೆಗೆ 'ಸಿಂಟೆಲ್' ಅನ್ನು ಮಕ್ಕಳೇ ಬರೆದ ಕನ್ನಡ ಸಬ್‌ಟೈಟಲ್ ಜೊತೆ ತೋರಿಸುವುದು. ಪಿಯುಸಿ ಮಕ್ಕಳೂ ಬರಬಹುದು, ಅಪ್ಪ ಅಮ್ಮನೂ ಬರಬಹುದು.

ದಿನಾಂಕ ಗೊತ್ತಾದ ಕೂಡಲೇ ನಿಮ್ಮ ದಾವಣಗೆರೆ ಕಚೇರಿಗೆ ಬಂದು ತಿಳಿಸುತ್ತೇನೆ. ಒಬ್ಬ ವರದಿಗಾರರನ್ನು ಕಳಿಸಿಕೊಡಿ. ಶಿಕ್ಷಣ ಪುಟದ ಆ ಚೌಕಕ್ಕೆ ಜಾಗ ಕೊಡುವುದಾದರೆ, ತಿಂಗಳಿಗೊಮ್ಮೆ ಸಮ್ಮೇಳನಗಳ ಮಾಹಿತಿ ಸೇರಿಸಿ, ಪರಿಶೀಲಿಸಿ, ಕನ್ನಡದಲ್ಲಿ ಬರೆದು ಕಳಿಸುವ ಕೆಲಸವನ್ನು ನಾನು ಮತ್ತು ನನ್ನ ವಿದ್ಯಾರ್ಥಿಗಳು ವಹಿಸಿಕೊಳ್ಳುತ್ತೇವೆ. ಇದಕ್ಕೆ ಸಂಭಾವನೆ ಬೇಡ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಪಾಲಿಟೆಕ್ನಿಕ್ ಉಪನ್ಯಾಸಕಿ, ದಾವಣಗೆರೆ ಜಿಲ್ಲೆ